ಮುಂಜಾವಿನ ಹುಳಿ

ಮಿಲ್ಪಾ ಆಲ್ಟಾದ ಸಂತೆಯಲ್ಲಿ ನಸುಕಿಗೇ
ಬುಟ್ಟಿ ಮಗುಚಿ ಕೂತು
ಪಾಪಾಸುಕಳ್ಳಿಯ ಹಸಿರು ಹಾಳೆಗಳ ಮುಳ್ಳು
ಹೆರೆಯುತ್ತಾಳೆ ಎಪಿಫಾನಿಯಾ.
ಬೆಳಿಗ್ಗೆ ಕೊಯ್ದದ್ದು ಹುಳಿ, ಸಂಜೆಯದು ಸಪ್ಪೆ.
ಯಾಕೆಂದು ಅವಳನ್ನು ಯಾರೂ ಕೇಳಿಲ್ಲ.
ಗಿರಾಕಿ ಮುಖ ಕಿವಿಚಿದರೆ
‘ಸಂಜೆ ಬಾ’ ಅನ್ನುತ್ತಾಳೆ, ಅಷ್ಟೆ.

ಕೇಳಿದವನು ಅನ್ಸೆಲ್ಮೋ ಮೇಷ್ಟ್ರು.
ಒಂದು ರಾತ್ರಿ ಹೊಲಕ್ಕೇ ಬಂದ,
ಕೈಯಲ್ಲಿ ಲಾಟೀನು, ಜೇಬಲ್ಲಿ
ಬಣ್ಣವೇ ಇಲ್ಲದ ಉಗುರುಬಣ್ಣದ ಶೀಶೆ.
‘ಯಾರಿಗಪ್ಪಾ?’ ಅಂದಳು.
ಮೇಷ್ಟ್ರು ಕಿವಿಯವರೆಗೂ ಕೆಂಪಾಗಿ
‘ಗಿಡಕ್ಕೆ’ ಅಂದ.

ಬದುವಿನ ಮೆಕ್ಕೆಜೋಳದ ಗರಿಗಷ್ಟು ಬಳಿದ,
ಕಳ್ಳಿಯ ಕೆನ್ನೆಗಷ್ಟು.
ಒಣಗಿದ ಮೇಲೆ
ಹಾಲಿನ ಕೆನೆ ತೆಗೆದ ಹಾಗೆ ಸುಲಿದು
ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟ.

ಬಾಯಿಗಳು.
ಒಂದೊಂದಕ್ಕೂ ಎರಡು ತುಟಿ:
ನೀರು ತುಂಬಿದರೆ ಬಿಲ್ಲಾಗಿ ಬಾಗಿ ಸಂದು ಬಿಡುವವು,
ಸೊರಗಿದರೆ ಒಂದಕ್ಕೊಂದು ಒರಗಿ ಮುಚ್ಚುವವು.
ಜೋಳದವು ಮುಚ್ಚಿ ಮಲಗಿದ್ದವು.
ಕಳ್ಳಿಯವು, ಆ ಕತ್ತಲಲ್ಲಿ, ತೆರೆದಿದ್ದವು.

‘ಗಾಳಿ ಕೊಳ್ಳಲು ಕದ ತೆರೆಯಲೇಬೇಕು,
ತೆರೆದರೆ ನೀರು ಹೇಳದೆ ಕೇಳದೆ ಹೊರಟುಬಿಡುತ್ತೆ.
ಒಂದು ಹಿಡಿ ಗಾಳಿಗೆ ನೂರು ಹಿಡಿ ನೀರು.
ಜೋಳ ಹಗಲಲ್ಲೇ ವ್ಯಾಪಾರಕ್ಕಿಳಿದು
ಬಿಸಿಲು ಹೇಳಿದ ಬೆಲೆ ತೆರುತ್ತೆ.
ಇದು ಹಾಗಲ್ಲ. ಇರುಳ ತಂಪಿಗೆ ಕೊಂಡು,
ಕೊಂಡದ್ದನ್ನು ಹುಳಿ ಮಾಡಿ ಒಳಗಿಟ್ಟು,
ಹಗಲೆಲ್ಲ ಕದ ಹಾಕಿಕೊಂಡು
ಅದೇ ಹುಳಿಯನ್ನು ಸಿಹಿ ಮಾಡಿ ಉಣ್ಣುತ್ತೆ.’

ಎಪಿಫಾನಿಯಾ ಕಣ್ಣು ಗಾಜಿನಿಂದ ತೆಗೆಯದೆ
‘ಅಗ್ಗವಿದ್ದಾಗ ಕೊಳ್ಳುತ್ತೆ ಅನ್ನು.
ಇಷ್ಟಕ್ಕೆ ಶೀಶೆ ಬೇಕಿತ್ತೆ?’ ಅಂದಳು.
ಆಮೇಲೆ ನೆನಪಾಗಿ:
‘ಇದು ಕಾಂಡ ಅಂತೀಯ. ಹಾಗಾದರೆ ಎಲೆ?’

‘ಮುಳ್ಳಾಯಿತು, ಅಮ್ಮಾ.
ನೀರು ಉಳಿಸಲು ಎಲೆಯೇ ಮುಳ್ಳಾಯಿತು.’

ಅವಳು ತನ್ನ ಚಾಕು ನೋಡಿದಳು.
ನಲವತ್ತು ವರ್ಷ.
ದಿನಾ ಬುಟ್ಟಿಯ ಪಕ್ಕದಲ್ಲಿ ಬೀಳುತ್ತಿದ್ದ ರಾಶಿ
ಎಲೆಯೇ ಹಾಗಾದರೆ.
ಏನೂ ಅನ್ನಲಿಲ್ಲ. ಲಾಟೀನು ಎತ್ತಿಕೊಂಡು
ಮನೆಯ ದಾರಿ ಹಿಡಿದಳು.

ಮರುದಿನ ತೆಊತ್ಲಿ ಬೆಟ್ಟದ ತಲೆಗೆ
ಬಿಸಿಲು ತಾಕುವ ಮೊದಲೇ ಬಂದಳು ತೆಯೋಫಿಲಾ,
ಐದು ತಿಂಗಳ ಬಸುರಿ, ಚಪ್ಪಲಿ ಅದಲುಬದಲು.
‘ಹುಳಿಯದು ಕೊಡು. ತುಂಬ ಹುಳಿಯದು.’

ಎಪಿಫಾನಿಯಾ ಮುಳ್ಳು ಹೆರೆದಳು,
ಎಂದಿಗಿಂತ ಚೂರು ನಿಧಾನ.
ತೂಗಿದಳು. ಕೊಸರಿಗೊಂದು ಹಾಳೆ ಮೇಲಿಟ್ಟು
‘ನಿನ್ನೆ ರಾತ್ರಿಯ ಗಾಳಿ’ ಅಂದಳು.

ತೆಯೋಫಿಲಾ ಅಲ್ಲೇ ಹಸಿಯಾಗಿ ಕಚ್ಚಿ
ಒಂದು ಕಣ್ಣು ಮುಚ್ಚಿದಳು.