ಇಸ್ತ್ರಿ

ಎಂಟು ಗಂಟೆ. ಕೋವ್ ಬಂದರಿನ ಮೇಲೆ ಇನ್ನೂ ಮಂಜು.
ಅಡುಗೆಮನೆಯಲ್ಲಿ ನಾವು ನಾಲ್ವರು,
ಕೈಯಲ್ಲೊಂದೊಂದು ಕಾಗದ,
ಪರೀಕ್ಷೆಗೆ ಕೂತ ಮಕ್ಕಳ ಹಾಗೆ.
ಬೈಯಬೇಡಿ, ಅಂಗಲಾಚಬೇಡಿ, ಕಂಡದ್ದಷ್ಟೇ ಓದಿ
ಎಂದಿದ್ದಳು ಆಸ್ಪತ್ರೆಯ ಹೆಂಗಸು.

ಅಮ್ಮ ಮೆಟ್ಟಿಲಿಳಿದು ಬಂದಳು. ನಮ್ಮನ್ನು ಎಣಿಸಿದಳು.
'ಯಾರು ಸತ್ತರು?'

ಫಿಂಟನ್ ಮೊದಲು ಓದಿದ:
ಶಾಲೆಯ ಗೇಟಿನಲ್ಲಿ ಕತ್ತಲಾಗುವ ತನಕ ನಿಂತದ್ದು.
ಅಟ್ರಾಕ್ಟಾ ಚಿಕ್ಕಮ್ಮ ಎರಡನೇ ಸಾಲಿಗೇ ಅತ್ತು
ಕನ್ನಡಕ ಒರೆಸುತ್ತ ಕೂತುಬಿಟ್ಟಳು.
ಅಪ್ಪ ಕಾಗದ ಮಡಚಿದ, ಬಿಡಿಸಿದ, ಮಡಚಿದ.
ಮೂವತ್ತು ವರ್ಷ ಹಡಗಿನ ಎಂಜಿನ್ನಿಗೆ ಕಿವಿಗೊಟ್ಟವನಿಗೆ
ತನ್ನ ದನಿಯೇ ಅಪರಿಚಿತ.

ನನ್ನದು ಚಿಕ್ಕದು.
ಅಮ್ಮಾ, ಹನ್ನೆರಡರಲ್ಲಿ ಒಂದು ದಿನ
ನನ್ನ ಸಮವಸ್ತ್ರಕ್ಕೆ ನಾನೇ ಇಸ್ತ್ರಿ ಹಾಕಿದೆ.
ಆವಿಯ ಜೊತೆ ಎದ್ದದ್ದು ನಿನ್ನ ಉಸಿರಿನ ವಾಸನೆ.
ಪೆಟ್ಟಿಗೆಯ ಹೊಟ್ಟೆಯಲ್ಲಿ ನೀರಿರಲಿಲ್ಲ, ವೋಡ್ಕಾ ಇತ್ತು.
ಯಾರಿಗೂ ಹೇಳಲಿಲ್ಲ. ಅದನ್ನೇ ತೊಟ್ಟು ಶಾಲೆಗೆ ಹೋದೆ.

ಅವಳು ಕೂಗಿದಳು, ಒಬ್ಬೊಬ್ಬರ ಹೆಸರು ಹಿಡಿದು.
ಮೇಲೆ ಬಾಗಿಲು ಧಡಾರೆಂದಿತು.
ನಲ್ಲಿ ಹರಿಯಿತು ಬಹಳ ಹೊತ್ತು.
ಹೊರಗೆ ಕಾರಿನಲ್ಲಿ ಅವಳ ಸೂಟ್‌ಕೇಸು,
ನಿನ್ನೆಯೇ ಗುಟ್ಟಾಗಿ ತುಂಬಿಟ್ಟದ್ದು;
ಬಚ್ಚಿಡುವುದನ್ನು ನಾವೂ ಕಲಿತಿದ್ದೆವು.

ಒಂಬತ್ತೂವರೆ. ಟೀ ಮೇಲೆ ಕೆನೆ.
ಮೆಟ್ಟಿಲ ತುದಿಯಿಂದ, ಸಿಟ್ಟಿನಲ್ಲೇ:
'ಆ ನೀಲಿ ಅಂಗಿ ಮುದುರಿ ಮುದ್ದೆಯಾಗಿದೆ.
ಹೀಗೇ ಹೋಗಲೇನು, ಹತ್ತು ಜನರ ಎದುರಿಗೆ?'

ಅಪ್ಪ ಏನೋ ಅನ್ನಲು ಹೊರಟ.
ಅವನ ಕಾಲು ತುಳಿದೆ.

ಇಸ್ತ್ರಿಪೆಟ್ಟಿಗೆಯನ್ನು ಸಿಂಕಿಗೆ ಬಗ್ಗಿಸಿದೆ,
ಒಮ್ಮೆ, ಎರಡು ಸಲ, ಮೂಸಿ ನೋಡಿ ಇನ್ನೊಮ್ಮೆ.
ನೀರು ತುಂಬಿದೆ.
ಮೊದಲು ಕಾಲರು, ಆಮೇಲೆ ತೋಳು:
ಅವಳೇ ಹೇಳಿಕೊಟ್ಟ ಕ್ರಮ.