ತೋಳಿನ ಅಳತೆ

ಕಿವಿರಾಂತ ಅವರ ತೋಳು, ಇಪ್ಪತ್ತೆರಡರ ಪ್ರಾಯದಲ್ಲಿ,
ಅರವತ್ತಮೂರೂವರೆ ಸೆಂಟಿಮೀಟರು. ಎಡದ್ದು.
ಬಲದ್ದು ಕಾಲು ಕಡಿಮೆ.
ಬರೆದಿಟ್ಟಿದ್ದೇನೆ, ನೋಡಿ, ಈ ಉದ್ದ ಪುಸ್ತಕದಲ್ಲಿ.
ಆಗ ಒಂದೇ ಜರಿಪಟ್ಟಿ.
ಹೊಲಿದವಳು ನಾನು, ಹದಿನೈದರ ಹುಡುಗಿ,
ತುರ್ಕುವಿನಲ್ಲಿ, ಔರಾ ಹೊಳೆಯ ದಂಡೆಯ ಇದೇ ಅಂಗಡಿಯಲ್ಲಿ;
ಪಟ್ಟಿ ಕೂದಲೆಳೆಯಷ್ಟು ಸೊಟ್ಟ.
ಅವರು ನೋಡಿದರು. ನೋಡಿದ್ದನ್ನು ನಾನೂ ನೋಡಿದೆ.
"ಕಡಲೇನು ನೆಟ್ಟಗಿದೆಯೇ?" ಎಂದು ಹೊರಟರು.

ಯುದ್ಧದಲ್ಲಿ ಏನು ಮಾಡಿದರೋ,
ಗಿರಾಕಿಗಳನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.
ಮುಗಿದ ಮೇಲೆ ಮಾಡಿದ್ದು ಊರಿಗೇ ಗೊತ್ತು:
ಕೊಲ್ಲಿಯ ತುಂಬ ಬಿತ್ತಿದ್ದ ಮೈನುಗಳು,
ಬಿತ್ತಿದವರು ಮನೆಗೆ ಹೋಗಿದ್ದರು.
ಜೋಡಿ ಮರದ ದೋಣಿ, ನಡುವೆ ಉಕ್ಕಿನ ಹಗ್ಗ,
ಐದು ಬೇಸಿಗೆ ಎಳೆದರು, ಆಚೆ ಈಚೆ.
ಹೊಲಿಯುವುದು ಯಾರಿಗೂ ಬರುತ್ತದೆ;
ಬಟ್ಟೆ ಹರಿಯದ ಹಾಗೆ ಹೊಲಿಗೆ ಬಿಚ್ಚುವುದಿದೆಯಲ್ಲ,
ಅದು ಕಸುಬು.

ಒಂದು ಶರತ್ಕಾಲ ಕೋಟು ಬಿಗಿ ಮಾಡಿಸಲು ಬಂದರು.
ಎದೆ ಆರು ಸೆಂಟಿಮೀಟರು ಇಳಿದಿತ್ತು.
ಜೇಬಿನಲ್ಲಿ ಚೀಟಿ: ಏಳು ಹೆಸರು, ಏಳು ಊರು.
"ಹೇಳಿ ಬರಬೇಕಾದ ಮನೆಗಳು" ಎಂದರು.
"ನಾಲ್ಕು ಆಯಿತು."
ಎರಡನೆಯ ಪಟ್ಟಿ ಆ ದಿನವೇ ಹೊಲಿದೆ,
ಕೂಲಿಯನ್ನೂ ತೆಗೆದುಕೊಂಡೆ.

ಆಮೇಲೆ ಸಲೀಸು. ಮೂರು, ನಾಲ್ಕು;
ಸೊಂಟ ಬಂತು, ಮೇಜು ಬಂತು,
ಕೂತು ಕೂತು ಪ್ಯಾಂಟಿನ ಹಿಂಭಾಗ ಕನ್ನಡಿಯಾಯಿತು.
(ಅದನ್ನೂ ಬರೆದಿದ್ದೇನೆ.)
ಐವತ್ತಾರಕ್ಕೆ ಅಗಲದ ಪಟ್ಟಿ, ರಿಯರ್ ಅಡ್ಮಿರಲ್.
ಪತ್ರಿಕೆಯ ಪಟದಲ್ಲಿ ನನ್ನ ಜರಿ ಗೆರೆ ಕೊರೆದ ಹಾಗೆ ನೆಟ್ಟಗೆ.
ಸಮಾರಂಭದಲ್ಲಿ ಸಾಧನೆಗಳನ್ನು ಓದಿದರಂತೆ.
ಓದಲು ಬಾರದ್ದು ಒಂದಿತ್ತು:
ಸ್ಟಾಕ್‌ಹೋಮಿನ ರಾತ್ರಿ ಹಡಗಿನಲ್ಲಿ
ಹೆರಿಂಗ್ ತಿಂದು, ಕುಡಿದು, ಕುಣಿದು,
ಕಂಬಿಗೆ ಬಗ್ಗಿ ವಾಂತಿ ಮಾಡಿಕೊಂಡು
ಏನೂ ಆಗದೆ ದಾಟಿಹೋಗುವ ಜನ.

ಮೊನ್ನೆ ಮಗಳು ಇರ್ಮೆಲಿ ಕೋಟು ತಂದಳು.
ಅಪ್ಪ ತೀರಾ ಇಳಿದುಹೋಗಿದ್ದರು, ಚಿಕ್ಕದು ಮಾಡಿ, ಶನಿವಾರ ಮಣ್ಣು.
ಅಳತೆ? ಎಂದೆ.
ಅಂದಾಜಿನಲ್ಲಿ, ಎಂದಳು.
ಐವತ್ತೆರಡು ವರ್ಷದ ಪುಸ್ತಕದಲ್ಲಿ
ಮೊದಲ ಸಲ 'ಅಂದಾಜು' ಎಂದು ಬರೆದೆ.

ಅಸ್ತರು ಬಿಚ್ಚುವಾಗ ಸಿಕ್ಕಿತು,
ಕೋಟಿನಿಂದ ಕೋಟಿಗೆ ದಾಟಿ ಬಂದ ಚೀಟಿ,
ಮಡಿಕೆಯಲ್ಲಿ ಹರಿದು, ಬಟ್ಟೆಯಷ್ಟು ಮೆತ್ತಗೆ.
ಆರು ಹೆಸರಿಗೆ ಗೀಟು.
ಏಳನೆಯದು ಕುಸ್ತವಿ. ಎಲ್ಲಕ್ಕಿಂತ ಹತ್ತಿರದ್ದು.
ಯಾಕೆ ಹೋಗಲಿಲ್ಲವೋ.

ಕೋಟನ್ನು ಕಳಿಸಿಕೊಟ್ಟೆ. ಚೀಟಿ ಇಲ್ಲಿದೆ.
ಅಲ್ಲಿ ಈಗ ಯಾರಿರುತ್ತಾರೆ, ಹೇಳುವುದೇನು, ತಿಳಿಯದು.
ಬಸ್ಸು ಬೆಳಗ್ಗೆ ಏಳೂ ಹತ್ತಕ್ಕಂತೆ.
ಮಂಗಳವಾರ ಅಂಗಡಿ ತೆರೆಯುವುದಿಲ್ಲ.