ಮಟಮಟ ಮಧ್ಯಾಹ್ನದ ಹಾಜರಿ

ಉಮ್ಮ್ ಅಲ್ ಕುವೈನಿನ ಖೋರಿನಲ್ಲಿ
ನೀರು ಇಳಿದು ಎರಡು ತಾಸಾಗಿದೆ.
ದಾದ್ ಕರೀಂ ಪಿಕಪ್ಪಿನ ಎಂಜಿನ್ ಆರಿಸುವುದಿಲ್ಲ.
ಆರಿಸಿದರೆ ಏಸಿ ಸಾಯುತ್ತದೆ, ಏಸಿ ಸತ್ತರೆ
ಹಿಂದಿನ ಸೀಟಿನಲ್ಲಿ ಮಲಗಿರುವ ಕಲ್ಲಂಗಡಿಯೂ.

ನಾನು ಮೊಣಕಾಲೂರಿದ್ದೇನೆ ಚಾಪೆಯ ಮೇಲೆ.
ನೆಯ್ದದ್ದಲ್ಲ, ಬೆಳೆದದ್ದು:
ಮೇಲೆ ಹಳದಿ, ಕೆಳಗೆ ಹಸಿರು,
ಅದರ ಕೆಳಗೆ ಕುಂಕುಮ ಕದಡಿದ ಹಾಗೊಂದು ನೇರಳೆ,
ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು.
ಬೆರಳು ದಪ್ಪದಲ್ಲಿ ಒಂದು ಊರು.
ಮೇಲ್ಕೇರಿ ಬಿಡುವ ಆಮ್ಲಜನಕ
ಕೆಳಕೇರಿಗೆ ವಿಷ.

ಇದನ್ನು ನಾನು ಬಲ್ಲೆ.
ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಅಮ್ಮ
ಹಲಗೆಯಿಂದ ಇದನ್ನೇ ಕೆರೆದು ಬದುವಿಗೆ ಎಸೆಯುತ್ತಿದ್ದಳು.
ಲೋಳೆ, ಎನ್ನುತ್ತಿದ್ದಳು, ಬೈಗುಳದ ಸ್ವರದಲ್ಲಿ.
ಲೋಳೆಯಿದ್ದರೆ ಉಪ್ಪು ಬೆಳ್ಳಗಾಗದು,
ಉಪ್ಪು ಬೆಳ್ಳಗಾಗದಿದ್ದರೆ ಮುಕಾದಮನ ಪುಸ್ತಕದಲ್ಲಿ
ಅವಳ ಹೆಸರಿನ ಮುಂದೆ ಅರ್ಧ ದಿನ.
ಅವಳು ಎಸೆದದ್ದನ್ನು ನಾನು ಚಿಮಟಿಗೆಯಲ್ಲಿ ಎತ್ತಿ
ದ್ರವ ಸಾರಜನಕದಲ್ಲಿ ಅದ್ದುತ್ತೇನೆ.
ಚುಂಯ್ ಎನ್ನುತ್ತದೆ,
ಒಲೆಯಿಲ್ಲದ ಒಗ್ಗರಣೆ.

ಇಷ್ಟು ಅವಸರ ಯಾಕೆ, ಎಂದಿದ್ದ ದಾದ್ ಕರೀಂ, ಮೊದಲ ದಿನ.
ಡಾಕ್ಟರ್ ಶಮ್ಮಾ ಕಲಿಸಿದ್ದನ್ನು ಮುರುಕು ಹಿಂದಿಯಲ್ಲಿ ಹೇಳಿದೆ:
ಜೀನು ನೋಡಿದರೆ ಯಾರಿಗೆ ಏನು ಬರುತ್ತದೆ ಎಂದಷ್ಟೇ ತಿಳಿಯುತ್ತದೆ,
ವೀಸಾದಲ್ಲಿ ಬರೆದ ಹುದ್ದೆಯ ಹಾಗೆ.
ನಿನ್ನ ವೀಸಾದಲ್ಲಿ ಏನಿದೆ?
ಬಡಗಿ, ಎಂದ.
ಉಳಿ ಹಿಡಿದೇ ಇಲ್ಲ ಅವನು.
ಹಾಂ, ಪ್ರೊಟೀನು ಹಾಗಲ್ಲ. ಅದು ಕೈ.
ಈ ಗಳಿಗೆ ಯಾರ ಕೈ ಯಾವ ಕೆಲಸದಲ್ಲಿತ್ತು, ಅದು.
ಅದಕ್ಕೇ ಹೆಪ್ಪುಗಟ್ಟಿಸಬೇಕು,
ಕೈ ಬದಲಾಗುವ ಮುಂಚೆ.

ಹನ್ನೆರಡೂವರೆ. ರಸ್ತೆಯಾಚೆ ಅರೆಗಟ್ಟಿದ ಕಟ್ಟಡದಲ್ಲಿ ಸೀಟಿ.
ಬೇಸಿಗೆಯ ಕಾನೂನು: ಮೂರರವರೆಗೆ ಬಿಸಿಲಿಗೆ ಇಳಿಯುವಂತಿಲ್ಲ.
ನೀಲಿ ಅಂಗಿಯವರು ಸಾಲಾಗಿ ನೆರಳಿಗೆ ಸರಿದರು.
ಚಾಪೆಗೆ ಸೀಟಿಯಿಲ್ಲ.

ಶಾರ್ಜಾದ ಪ್ರಯೋಗಾಲಯದಲ್ಲಿ ರಾತ್ರಿಯಿಡೀ
ಅರೆದು, ಸೋಸಿ, ಟ್ರಿಪ್ಸಿನ್ನಿನ ಕತ್ತರಿಗೆ ಒಪ್ಪಿಸಿ,
ತುಂಡುಗಳನ್ನು ಯಂತ್ರದೊಳಗೆ ಹಾರಿಸಿ ತೂಗಿದೆವು.
ಪರದೆಯ ಮೇಲೆ ಗೆರೆ, ಗೆರೆ, ಗೆರೆ,
ಕುಯ್ದ ಗದ್ದೆಯ ಕೂಳೆಯಂತೆ.
ಬೆಳಗಿಗೆ ಪಟ್ಟಿ ಬಂತು.
ಬೆಳಕು ಹಿಡಿಯುವವರು ಇಷ್ಟು, ಗಂಧಕ ಉಸಿರಾಡುವವರು ಇಷ್ಟು,
ಉಪ್ಪನ್ನು ಹೊರದೂಡುವ ಪಂಪುಗಳು,
ಮತ್ತೆ, ಎಣಿಸಿದ್ದಕ್ಕಿಂತ ಹೆಚ್ಚಾಗಿ, ಇವರು:
ಕಾವಿಗೆ ಮಡಿಕೆ ಬಿಚ್ಚಿ ಜೋತುಬಿದ್ದವರನ್ನು
ತಬ್ಬಿ, ಮತ್ತೆ ಮಡಚಿ, ಕೆಲಸಕ್ಕೆ ಕಳಿಸುವವರು.
ಊರು ಊರನ್ನೇ ಎತ್ತಿ ನಿಲ್ಲಿಸುತ್ತಿತ್ತು
ಆ ಮಧ್ಯಾಹ್ನ, ನನ್ನ ಮೊಣಕಾಲ ಕೆಳಗೆ.

ನೂರಕ್ಕೆ ಅರವತ್ತು ಗೆರೆ ಯಾವ ಹೆಸರಿಗೂ ಹೊಂದಲಿಲ್ಲ.
ಶಮ್ಮಾ ಬೇಸರಿಸಲಿಲ್ಲ. ಅವರು ಬಂದಿದ್ದರು, ಎಂದಳು.
ನಮ್ಮ ಪುಸ್ತಕದಲ್ಲಿ ಹೆಸರಿಲ್ಲ, ಅಷ್ಟೆ.

ಒಂದು ಮಾತ್ರ ತಪ್ಪಿಲ್ಲದೆ ಹೊಂದಿತು.
ಕೆರಾಟಿನ್. ಮನುಷ್ಯರ ಚರ್ಮ.
ಗ್ಲೌಸು ಬದಲಿಸುವಾಗ ನನ್ನ ಮಣಿಕಟ್ಟಿನಿಂದ ಉದುರಿದ್ದು,
ಖೋರಿನಲ್ಲೋ, ಮೇಜಿನ ಮೇಲೋ.
ತಂತ್ರಾಂಶಕ್ಕೆ ಇದು ಪರಿಚಯದ ಕಸ,
ಕೇಳದೆಯೇ ಕೆಂಪು ಬಳಿದಿಟ್ಟಿತ್ತು.
ಅಳಿಸಿದೆ. ಅಳಿಸಲೇಬೇಕು, ನಿಯಮ ಸರಿಯಾದದ್ದೇ.
ಆದರೂ ಅಳಿಸುವ ಮುಂಚೆ
ಎರಡು ಸಲ ಓದಿಕೊಂಡೆ ನನ್ನನ್ನು,
ಗಂಧಕದವರ ಕೆಳಗೆ, ಹೆಸರಿಲ್ಲದವರ ಪಕ್ಕ.

ಸಂಜೆ ಫೋನಿನಲ್ಲಿ ಅಮ್ಮ,
ಎಂಥಾ ಕೆಲ್ಸ ಇವತ್ತು?
ಲೋಳೆ ಕೆರೆದೆ, ಎಂದೆ.
ನಗಲಿಲ್ಲ ಅವಳು.
ಪೂರಾ ದಿನ ಬರ್ಕೊಂಡ್ರಾ?